ವಾಷರ್

ಎಮ್ಮೆಯ ಚರ್ಮ, ಎರಡು ದಿನ ಎಣ್ಣೆಯಲ್ಲಿ ನೆನೆದದ್ದು.
ಬಂಗಾರಪೇಟೆಯ ನಮ್ಮ ನಡುಮನೆಯಲ್ಲಿ
ತಟ್ಟೆ ಸರಿಸಿ ಕೂತು
ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತೇನೆ
ಭಾನುವಾರ, ಆರಾಧನೆ ಮುಗಿದ ಮೇಲೆ.

ತಮ್ಮ ಜಯಾನಂದ ಮಲಾವಿಯಲ್ಲಿದ್ದಾನೆ.
ಸಭೆ ನೆಡುವುದಕ್ಕೆ ಹೋದ.
ನೆಡುವುದು ಎಂದೇ ಅವರ ಮಾತು, ಸಂಸ್ಥೆಯವರದು.
ಅಮ್ಮ ಕೇಳಿದ್ದಳು:
ನಾರು ಇಲ್ಲಿಂದ ತೊಗೊಂಡು ಹೋಗ್ತೀಯೊ,
ಅಲ್ಲೇ ಬಿಟ್ಕೊಳ್ತೀಯೊ?
ಟೊಮೇಟೊ ನಾಟಿಗೆ ಕೂಲಿ ಹೋಗಿ ಸವೆದವಳು.
ಬೇರಿಗೆ ಮೊದಲು ನೀರು,
ಮಾತೇನಿದ್ದರೂ ಆಮೇಲೆ.

ಆ ಊರಲ್ಲಿ ಅವನಿಗೆ ಮೊದಲು ಕಂಡದ್ದು ಒಂದು ಬೋರಿಂಗು.
"ಅದೇ ಹಿಡಿ ಅಕ್ಕ, ಅದೇ ಕಿರ್ರೋ ದನಿ.
ನಮ್ಮ ಸ್ಕೂಲಿನ ಮುಂದಿದ್ದದ್ದೇ
ನನಗಿಂತ ಮುಂಚೆ ಹಡಗು ಹತ್ತಿ ಬಂದು ನಿಂತಂಗೆ.
ನಾಲ್ಕು ವರ್ಷದಿಂದ ಸತ್ತಿದೆ.
ಬಿಚ್ಚಿ ನೋಡಿದೆ. ವಾಷರ್ ಹೋಗಿದೆ, ಅಷ್ಟೆ."

ಅಷ್ಟೆ.
ಅಂಗೈಯಗಲ ಚರ್ಮವಿಲ್ಲದ್ದಕ್ಕೆ
ಹೆಂಗಸರು ಮೂರು ಮೈಲಿ ನಡೆಯುತ್ತಿದ್ದರು.

ತಾತನದು ಚರ್ಮದ ಕೈ.
ಬೂದಿಕೋಟೆ ಕಡೆಯ ಬಾವಿಗಳಿಗೆ ಕಪಿಲೆಯ ಬಾನಿ ಹೊಲಿದವನು.
ಅವನ ಹೊಲಿಗೆ ದಿನಕ್ಕೆ ನೂರು ಸಲ ನೀರಿಗಿಳಿದು ಏರುತ್ತಿತ್ತು,
ಅವನು ಕಟ್ಟೆಯಾಚೆ, ಬೊಗಸೆಯೊಡ್ಡಿ,
ಯಾರಾದರೂ ಹೊಯ್ಯಲಿ ಎಂದು.
ಮಿಷನ್ ಕಾಂಪೌಂಡಿನ ದೊರೆಸಾನಿ ಬಾವಿ ತೋಡಿಸಿ
ರಾಟೆಯ ಹಗ್ಗವನ್ನು ಅವನ ಕೈಗೇ ಕೊಟ್ಟಳಂತೆ.
ಮುನಿಗ ಆ ವರ್ಷ ಯಾಕೋಬಪ್ಪನಾದ.
ನೀರಿಗೋಸ್ಕರ ಆದ ಎಂದು ಊರು ನಕ್ಕಿತು.
ತಾತ ಇಲ್ಲ ಅನ್ನಲಿಲ್ಲ.
ನೀರೇನು ಸಣ್ಣದಾ, ಎಂದ.

ಸಂಸ್ಥೆಯ ಫಾರಮ್ಮು, ಮೂರು ತಿಂಗಳಿಗೊಮ್ಮೆ:
ದೀಕ್ಷಾಸ್ನಾನ ಎಷ್ಟು, ಮನೆ ಎಷ್ಟು, ಹೊಸ ಸಭೆ ಎಷ್ಟು.
ಮಾವಿನ ಮರದಡಿ ಸೇರುತ್ತಿದ್ದದ್ದು ಒಂಬತ್ತು ಮನೆ.
ಒಂಬತ್ತು ಎಂದು ಬರೆದ.
ಆಮೇಲೆ ನೀರು ಬಂತು.
ನೀರು ಬಂದ ದಿನವೇ ಸಾಲು ಬಂತು,
ಸಾಲಿನ ಬೆನ್ನಿಗೇ ಮೊದಲು ಯಾರು ಎನ್ನುವುದು.
ಹಿರಿಯನ ಮನೆ ಮೊದಲು. ಆಮೇಲೆ ಅವನ ತಮ್ಮಂದಿರು.
ಎನೆಲೆಸಿ ಎಂಬ ಮುದುಕಿ ಎಲ್ಲರ ಕೊನೆಗೆ,
ಅವಳಿಗೆ ಮಾಟ ಗೊತ್ತಂತೆ,
ಅವಳ ಬಕೀಟು ಇನ್ನೊಬ್ಬರದಕ್ಕೆ ತಾಗಬಾರದು.

"ನನಗೆ ಅವರ ಭಾಷೆ ಎಲ್ಲಿ ಬರುತ್ತೆ ಅಕ್ಕ,
ಮಾದ್ಜಿ ಅಂದರೆ ನೀರು, ಅಷ್ಟು ಗೊತ್ತು.
ಏನೂ ಹೇಳಲಿಲ್ಲ.
ಅವಳ ಬಕೀಟು ಎತ್ತಿ ಮುಂದಕ್ಕಿಟ್ಟು
ಹಿಡಿ ಒತ್ತಿದೆ."

ಮುಂದಿನ ಭಾನುವಾರ ಮರದಡಿ ಮೂರೇ ಮನೆ.
ಫಾರಮ್ಮಿನಲ್ಲಿ ಒಂಬತ್ತು ಹೊಡೆದು ಮೂರು ಮಾಡಿದ.
ವಿಶೇಷ ಸಂಗತಿ ಎಂಬಲ್ಲಿ, ವಾಷರ್ ಬೇಕು.

ನಮ್ಮ ಅಯ್ಯನವರು ಆ ಕಾಗದವನ್ನು
ಒಂಬತ್ತರ ತನಕ ಓದಿ, ಮಡಿಸಿ,
ಸ್ತೋತ್ರ ಎಂದು ಪ್ರಾರ್ಥನೆಗೆ ಕರೆದರು.
ಹಿಂದಿನ ಬೆಂಚಿನಲ್ಲಿ ನಾನು ಕಣ್ಣು ಮುಚ್ಚಲಿಲ್ಲ.

ಸಿಟ್ಟು ಇತ್ತು, ಸುಳ್ಳೇಕೆ.
ಅಷ್ಟು ದೂರ ಹೋಗಿ ಒತ್ತುವವನು
ಇಲ್ಲಿ ಯಾರಿಗೆ ಬಿಟ್ಟುಹೋದ?
ಸ್ಕೂಲಿನ ಮುಂದಿನ ಬೋರಿಂಗಿಗೆ ಈಗ ಎಮ್ಮೆ ಕಟ್ಟುತ್ತಾರೆ.
ಅದರ ವಾಷರ್ ಸರಿಯಿದೆ.
ಕೆಳಗೆ ನೀರಿಲ್ಲ.

ಆದರೂ ಕತ್ತರಿಸುತ್ತೇನೆ. ತಾತನ ಉಳಿಯೇ,
ಹಿಡಿ ಮಾತ್ರ ಹೊಸದು.

ಸೋಮವಾರ ಪೋಸ್ಟಾಫೀಸಿನಲ್ಲಿ
ಕೌಂಟರಿನವನು ಪೊಟ್ಟಣ ಮೂಸಿ ಮೂಗು ತಿರುವಿದ.
ಒಳಗೇನಮ್ಮ?
ಚರ್ಮ, ಅಂದೆ.
ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅಂದೆ.
ನಮ್ಮ ಮನೆಯಲ್ಲಿ ತಾತ ಹೋದ ಮೇಲೆ
ಆ ಮಾತನ್ನು ಯಾರೂ ಜೋರಾಗಿ ಆಡಿರಲಿಲ್ಲ.

ಬೆಲೆ ಎಷ್ಟು ಬರೀಲಿ?

ನೂರಾ ಎಂಬತ್ತು, ಅಂದೆ.
ಎಣ್ಣೆ ಸೇರಿ.