ಬೆಣ್ಣೆ, ಸುಣ್ಣ

ಇಪ್ಪತ್ತಾರು ವರ್ಷ ಮೀಟರ್ ಓದಿದವ ನಾನು.
ಯಾವ ಬಾಗಿಲ ಹಿಂದೆ ಯಾವ ನಾಯಿ,
ಯಾರ ಮನೆಯ ಕೆಟ್ಟ ಫ್ರಿಜ್ಜು ಈಗ ಸೀರೆಯ ಕಪಾಟು,
ಎಲ್ಲ ಬಾಯಿಪಾಠ.
ಕೆಂಪು ದೀಪ ಮಿಟುಕುವ ವೇಗದಲ್ಲೇ
ನಾಡಿ ಹಿಡಿದು ಹೇಳಬಲ್ಲೆ
ಒಳಗೆ ಎಷ್ಟು ಮಂದಿ ನಿದ್ದೆಗೆಟ್ಟಿದ್ದಾರೆಂದು.

ಊರು ರಾಯಚೂರು.
ಅತ್ತ ಕೃಷ್ಣೆ, ಇತ್ತ ತುಂಗಭದ್ರೆ,
ನಡುವೆ ಹಂಚಿನ ಮೇಲೆ ಮಗುಚುವುದನ್ನು ಮರೆತ
ರೊಟ್ಟಿಯ ಹಾಗೆ ನಾವು.
ಶಕ್ತಿನಗರದ ಚಿಮಣಿ ನಾಡಿಗೆಲ್ಲ ಬೆಳಕು ಹೆರುತ್ತದೆ,
ನಮ್ಮ ಓಣಿಯ ಫ್ಯಾನು ಮಾತ್ರ
ಮಧ್ಯಾಹ್ನ ಎರಡಕ್ಕೆ ಕೈ ಎತ್ತುತ್ತದೆ.

ಸುಣ್ಣಗಾರ ಓಣಿ.
ಹೆಸರಿಗಷ್ಟೇ. ಗೂಡು ಆರಿ ಕಾಲವಾಯಿತು.
ಜಂತೆ, ಬೇವಿನ ಸೊಪ್ಪು, ಮೇಲೆ ಕರಲು ಮಣ್ಣು ಹೊತ್ತ
ಮಾಳಿಗೆಗಳು ಒಂದೊಂದೇ ಇಳಿದವು,
ಸ್ಲ್ಯಾಬು ಏರಿತು, ಕೈಲಾಗದವರಿಗೆ ತಗಡು.
ಹೋದ ಮೇ ತಿಂಗಳಲ್ಲಿ ಹಮಾಲಿ ಮೌಲಾಸಾಬ
ತಗಡಿನ ಕೆಳಗೆ ಮಲಗಿದವ ಏಳಲಿಲ್ಲ.
ಡಾಕ್ಟರು ಹೃದಯ ಎಂದು ಬರೆದರು.
ತಗಡು ಎಂದು ಯಾರೂ ಬರೆಯಲಿಲ್ಲ.
ಆ ತಿಂಗಳ ಬಿಲ್ಲು ನಾನೇ ಹರಿದು ಕೊಟ್ಟೆ, ಚಾಂದಬೀಯ ಕೈಗೆ.
ಮೂವತ್ತೊಂದು ಯೂನಿಟ್.
ಒಂದು ದೀಪ, ಒಂದು ಫ್ಯಾನು, ಒಂದು ಸಾವು.

ಪಾಲಿಕೆಗೆ ಹೋದೆವು.
"ಅನುದಾನ ಬರಲಿ, ನೋಡೂಣು" ಅಂದರು.
ಅವರ ಕೋಣೆ ತಣ್ಣಗಿತ್ತು, ಮಾತೂ ತಣ್ಣಗಿತ್ತು.
ಮೆಟ್ಟಿಲು ಇಳಿಯುತ್ತ ಮುದುಕ ಹುಸೇನಪ್ಪ ಗೊಣಗಿದ:
"ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ.
ಬೆಣ್ಣಿ ಈ ಬಿಸಲಾಗ ನಿಂದರಂಗಿಲ್ಲ ಬಿಡು.
ಸುಣ್ಣಾನೇ ಬರಲಿ ನಮಗ.
ಕಣ್ಣಿಗಲ್ಲ, ಮಾಳಿಗಿಗೆ."

ಮೊದಲ ಸಭೆಗೆ ಐದು ಜನ, ಒಂದು ಮೇಕೆ.
ಎರಡನೆಯದಕ್ಕೆ ಮೇಕೆಯೂ ಬರಲಿಲ್ಲ.
ಆಮೇಲೆ ಬಂಡೆಮ್ಮನ ಮಗಳು ಪಲ್ಲವಿ
ಕಾಲೇಜಿನ ಥರ್ಮಾಮೀಟರ್ ಎರವಲು ತಂದು
ಮನೆ ಮನೆ ಹೊಕ್ಕು ಗೋಡೆಯ ಮೇಲೆ
ಇದ್ದಿಲಿನಲ್ಲಿ ಅಂಕಿ ಬರೆದು ಬಂದಳು.
ನಲವತ್ತೊಂದು. ನಲವತ್ತೆರಡು. ಚಾಂದಬೀಯ ಮನೆ, ನಲವತ್ತನಾಲ್ಕು.
ಜ್ವರ ಬಂದ ಮಕ್ಕಳ ಹಾಗೆ ಮನೆಗಳು
ಒಂದನ್ನೊಂದು ನೋಡಿಕೊಂಡವು.
ಮೂರನೆಯ ಸಭೆಗೆ ಕೂರಲು ಜಾಗವಿರಲಿಲ್ಲ.

ಮನೆಗೆ ನೂರಿಪ್ಪತ್ತು ರೂಪಾಯಿ, ಇಲ್ಲದವರು ಒಂದಾಳು.
ಸುಣ್ಣ ಅರಳಿಸಿದ ದಿನ ಡ್ರಮ್ಮು ಕುದಿಯಿತು,
ಜೊತೆಗೆ ಜಗಳವೂ.
"ಪಾಪಾಸುಕಳ್ಳಿಯ ಲೋಳೆ ಕಲಸಬೇಕು," ಹುಸೇನಪ್ಪ.
"ಫೆವಿಕಾಲ್ ಸಾಕು ತಾತಾ," ಪಲ್ಲವಿ.
ಎರಡನ್ನೂ ಸುರಿದೆವು. ಓಣಿಯಲ್ಲಿ ಬದುಕಬೇಕಲ್ಲ.
ಜವಳಿ ಅಂಗಡಿಯ ವೀರುಪಾಕ್ಷಿ ಮಾತ್ರ
ಮೂರನೆಯ ಅಂತಸ್ತಿನಿಂದ ಬಗ್ಗಿ ಅಂದ:
"ನಂಗ್ಯಾಕ ಸುಣ್ಣ? ಏಸಿ ಐತಿ."
ಐತಿ. ಅದರ ಬಿಸಿಯುಸಿರು ಹಗಲೂ ರಾತ್ರಿ
ಚಾಂದಬೀಯ ಕಿಟಕಿಗೇ ಬೀಳುತ್ತದೆ.
ಆದರೆ ನೀರು ಕೊಟ್ಟ. ಸುಳ್ಳು ಹೇಳಬಾರದು,
ಎರಡು ಟ್ಯಾಂಕು ನೀರು ಅವನದೇ.

ಹದಿನೇಳು ಮಾಳಿಗೆ, ಒಂಬತ್ತು ತಗಡು.
ಹೆಂಗಸರು ಮಡಿಕೋಲಿಗೆ ಪೊರಕೆ ಕಟ್ಟಿ ಬಳಿದರು,
ಹುಡುಗರು ಬಳಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.
ಕೋಟೆಯ ಗುಡ್ಡ ಹತ್ತಿ ನೋಡಿದೆ ಸಂಜೆ:
ಕರಿ ಊರಿನ ನಡುವೆ ನಮ್ಮದೊಂದು
ಹಾಲುಹಲ್ಲಿನ ಸಾಲು.

ಚಾಂದಬೀಯ ಗೋಡೆಯಲ್ಲಿ ಈಗ ಎರಡು ಅಂಕಿ.
ನಲವತ್ತನಾಲ್ಕರ ಕೆಳಗೆ ಮೂವತ್ತೊಂಬತ್ತು.
ಐದೇ ಡಿಗ್ರಿ. ಅಷ್ಟರಲ್ಲಿ ಏನಾಗುತ್ತದೆ ಅಂದರೆ,
ಮಧ್ಯರಾತ್ರಿ ಮಗ್ಗುಲು ಬದಲಿಸದೆ ಒಂದು ತಾಸು.
ಅವಳು ಹಳೆಯ ಅಂಕಿ ಅಳಿಸಲು ಬಿಡುವುದಿಲ್ಲ.

ಮೊದಲ ಮಳೆಗೆ ಚರಂಡಿ ಬೆಳ್ಳಗೆ ಹರಿಯಿತು.
ನನಗೆ ಸಂಕಟ. ಹುಸೇನಪ್ಪ ಬೀಡಿ ಹಚ್ಚಿದ:
"ಸುಣ್ಣ ಅಂದ್ರ ವರ್ಷಾ ವರ್ಷದ ಮಾತಪಾ,
ಒಮ್ಮೆ ಬಳದು ಮರಿಯಾಕ
ಅದೇನು ಉದ್ಘಾಟನಿ ಕಲ್ಲೇನು?"

ನಿನ್ನೆ ವೀರುಪಾಕ್ಷಿ ಮೇಲಿಂದ ಕೂಗಿದ,
ದನಿ ಸ್ವಲ್ಪ ಇಳಿಸಿ:
"ಉಳದದ ಏನು, ಒಂದು ಬಕೀಟು?"
ಏನು ಹೇಳಿದೆವು ಅಂತ ಆಮೇಲೆ ಬರೆಯುತ್ತೇನೆ.
ಕರೆಂಟು ಹೋಯಿತು.