ಗೆ

ವಿಲ್ಯಾಂಡಿಯ ಕೋಟೆಗುಡ್ಡದ ಬೆನ್ನಿಗೆ ನನ್ನ ಅಂಗಡಿ.
ಮಾರ್ಚ್ ಮುಗಿಯುತ್ತ ಬಂದರೂ ಕೆರೆಯ ಮೇಲೆ ಹಿಮದ ಹೆಪ್ಪು.
ಬಸ್ಸು ಓಡಿಸುವ ಹೆಲ್ವೆ
ಆಲೂಗಡ್ಡೆಯ ಪೆಟ್ಟಿಗೆಯೊಂದನ್ನು ಸೊಂಟಕ್ಕೊತ್ತಿ ತಂದು
ಮೇಜಿನ ಮೇಲೆ ಕುಕ್ಕಿದಳು.
"ಲೈನೆ ಅತ್ತೆಯವು. ಹನ್ನೊಂದು.
ಎಷ್ಟು ಹಳೆಯವು, ಎಷ್ಟಕ್ಕೆ ಹೋಗುತ್ತವೆ, ಅಷ್ಟು ಹೇಳಿ ಸಾಕು.
ಮೂರೂವರೆಗೆ ನನ್ನ ಪಾಳಿ."

ನಾನು ಮೊದಲು ಓದುವುದಿಲ್ಲ, ಮೂಸುತ್ತೇನೆ.
ಹೊಗೆ.
ಬೀಡಿಯದಲ್ಲ, ಅಡುಗೆ ಒಲೆಯದಲ್ಲ,
ತೊಲೆತೊಲೆಗೂ ಮಸಿ ಹಿಡಿದ ಸೌನಾದ ಹೊಗೆ.
"ಸೌನಾದ ಅಟ್ಟದಲ್ಲಿದ್ದವೆ?" ಅಂದೆ.
"ನಿಮಗೆ ಹೇಗೆ ಗೊತ್ತು?"
ಆಗ ಕೂತಳು, ಟೋಪಿ ತೆಗೆದು.

ಮೊದಲನೆಯದಕ್ಕೆ ಶೀರ್ಷಿಕೆಯ ಪುಟವಿಲ್ಲ.
ಎರಡನೆಯದಕ್ಕೂ.
ಹನ್ನೊಂದಕ್ಕೆ ಹನ್ನೊಂದೂ ತಲೆ ಹೋದ ಮುಂಡಗಳು.

ಇರಲಿ. ವಯಸ್ಸು ಮುಖದಲ್ಲಷ್ಟೇ ಇರುತ್ತದೆಯೆ?
ಈ ಅಚ್ಚು ನೋಡಿ, ಮುರಿದ ಕಡ್ಡಿ ಜೋಡಿಸಿದಂಥ ಕರಿಯ ಅಕ್ಷರ,
ನಮ್ಮಜ್ಜ ಬೆರಳಿಟ್ಟು ಓದಿದ್ದು ಇದನ್ನೇ.
ಇಲ್ಲಿ 'ವ'ಕಾರಕ್ಕೆ ಎರಡು ಕೊಂಬು, ಅಲ್ಲಿ ಒಂದೇ:
ಇದು ಅಕ್ಕ, ಅದು ತಂಗಿ.
ಬೆನ್ನಿನೊಳಗೆ ಅಂಟಿಸಿದ ರದ್ದಿ ಪತ್ರಿಕೆಯ ಚೂರು,
ಹಂದಿಮರಿ ಮಾರಾಟಕ್ಕಿವೆ, ಶುಕ್ರವಾರ ಬನ್ನಿ.
ಯಾವ ಶುಕ್ರವಾರವೋ.
ಹಿಂದಿನ ರಟ್ಟಿನಲ್ಲಿ ಬೆಲೆ: ಎಪ್ಪತ್ತೈದು ಸೆಂಟಿ.
ಮಾರ್ಕ್ ಹೋದ ಮೇಲೆ, ರೂಬಲ್ ಬರುವ ಮುಂಚೆ,
ಆ ನಾಣ್ಯ ಬಾಳಿದ್ದು ಹನ್ನೆರಡೇ ವರುಷ.
ಪುಸ್ತಕ ಹುಟ್ಟಿದ್ದು ಆ ಹನ್ನೆರಡರೊಳಗೆ.

"ಸರಿ. ದುಡ್ಡು?"

ಜೇನು ಸಾಕುವುದು ಹೇಗೆ: ಐದು ಯೂರೋ.
ಶಾಲೆಯ ಭೂಪಟ: ಒಂಬತ್ತು,
ಅದರಲ್ಲಿ ನಮ್ಮ ಗಡಿ ಇನ್ನೂ ನೆಟ್ಟಗಿದೆ.
ಪ್ರಾರ್ಥನೆಯದು ಎರಡು. ಬೇಸರ ಬೇಡ,
ಮನೆಮನೆಯಲ್ಲೂ ಇದ್ದದ್ದನ್ನು ಕೊಳ್ಳುವವರಿಲ್ಲ.
ಅಡುಗೆಯದಕ್ಕೆ ಮಾತ್ರ ಹದಿನೆಂಟು:
ಬೆಣ್ಣೆ ಮೆತ್ತಿ, ಸಾರು ಚೆಲ್ಲಿ
ಇಂಥವು ಒಲೆಯ ಪಕ್ಕದಲ್ಲೇ ಸಾಯುತ್ತವೆ, ಉಳಿಯುವುದು ಅಪರೂಪ.
ಅಂಚಿನಲ್ಲಿ ಪೆನ್ಸಿಲ್: "ಸುಳ್ಳು. ಇಷ್ಟು ಉಪ್ಪು ಬೇಡ."
"ಅತ್ತೆಯೇ," ಅಂದಳು ಹೆಲ್ವೆ, "ಹೀಗೇ ಮಾತಾಡುತ್ತಿದ್ದಳು."
ಮಿಕ್ಕ ಆರಕ್ಕೆ ಹದಿಮೂರು.

ಆಮೇಲೆ ಭೂತಗನ್ನಡಿ ಹಿಡಿದೆ.
ಹಾಳೆ ಉದುರಿದ್ದಲ್ಲ.
ಅಳತೆಪಟ್ಟಿ ಇಟ್ಟು ಬ್ಲೇಡಿನಲ್ಲಿ ಎಳೆದದ್ದು, ನೂಲು ಹಿಡಿದಂತೆ.
"ನಿಮ್ಮತ್ತೆ ಏನು ಮಾಡಿಕೊಂಡಿದ್ದರು?"
"ಹೊಲಿಗೆ ಟೀಚರು."
ರಾತ್ರಿ ಬಾಗಿಲು ಬಡಿಯುತ್ತಿದ್ದ ಕಾಲ. ಯಾವ ದೇಶದಲ್ಲಿ, ಯಾವ ವರುಷದಲ್ಲಿ
ಅಚ್ಚಾಯಿತೆಂಬುದೇ ತಪ್ಪೊಪ್ಪಿಗೆ.
ಇಸವಿ ಇಲ್ಲದಿದ್ದರೆ ಪುಸ್ತಕಕ್ಕೆ ಊರಿಲ್ಲ, ಊರಿಲ್ಲದ್ದಕ್ಕೆ ಅಪರಾಧವೂ ಇಲ್ಲ
ಎಂದುಕೊಂಡಿರಬೇಕು ಆಕೆ, ದೀಪ ತಗ್ಗಿಸಿ.
ಅಚ್ಚಾದ ಇಸವಿಯನ್ನು ಕತ್ತರಿಸಿದ ಕೈ
ಕತ್ತರಿಸಿದ ಇಸವಿಯನ್ನು ಬಿಟ್ಟುಹೋಗಿದೆ.

ಹನ್ನೊಂದನೆಯದು ತೆಳ್ಳಗಿತ್ತು, ಕವಿತೆಗಳು.
ಇದಕ್ಕೆ ಬ್ಲೇಡಿಲ್ಲ, ಅಳತೆಪಟ್ಟಿ ಇಲ್ಲ,
ಬರೀ ಕೈಯಲ್ಲಿ ಹರಿದದ್ದು, ಅವಸರವಾಗಿ
ಅಥವಾ ಮನಸ್ಸಿಲ್ಲದೆ.
ಹೊಲಿಗೆಯ ಬುಡದಲ್ಲಿ ಬೆರಳಗಲ ಕಾಗದ ಉಳಿದಿತ್ತು.
ಅದರ ಹಿಂಬದಿಗೆ, ಸಾಲು ಕೊನೆಯಾಗುವ ಕಡೆ,
ನೇರಳೆ ಶಾಯಿಯಲ್ಲಿ ಒಂದಕ್ಷರ:

ಗೆ

ಹೆಸರು ಹೋಗಿದೆ, ಅದರ ಬಾಲ ಉಳಿದಿದೆ.
ಲೈನೆಗೆ ಇರಬಹುದು. ಬೇರೆ ಯಾರಿಗೋ ಬರೆದು
ಕೊಡದೆ ಇಟ್ಟುಕೊಂಡದ್ದೂ ಇರಬಹುದು.
ಹೆಲ್ವೆ ಅದನ್ನು ಉಗುರಿನಿಂದ ಮುಟ್ಟಿ ನೋಡಿದಳು.
"ಅತ್ತೆ ಮದುವೆಯಾಗಲಿಲ್ಲ," ಅಂದಳು.
ನಾನು ಸುಮ್ಮನಿದ್ದೆ. ಅದು ನನ್ನ ಕಸುಬಲ್ಲ.

"ಇದಕ್ಕೆಷ್ಟು?"
ಬಾಯಿ ಅಭ್ಯಾಸದಿಂದ ಹೇಳಿಬಿಟ್ಟಿತು:
"ಒಂದೂವರೆ. ಬೆನ್ನು ಸಡಿಲ, ಒಂದು ಹಾಳೆ ಕಮ್ಮಿ."
ಅವಳು ನಕ್ಕಳು, ಗಟ್ಟಿಯಾಗಿ,
ಸಮವಸ್ತ್ರದ ಕೋಟಿನೊಳಗೆ ಅದನ್ನು ತುರುಕಿಕೊಂಡಳು.
"ಮಿಕ್ಕ ಹತ್ತು ನಿಮ್ಮವು."

ನಲವತ್ತೇಳು ಯೂರೋ ಎಣಿಸಿ ರಸೀದಿ ಎಳೆದುಕೊಂಡೆ.
ಪಾವತಿ, ಹೆಲ್ವೆ
ಎಂದು ಬರೆದವನ ಕೈ ಮುಂದಿನ ಅಕ್ಷರಕ್ಕೆ ತುಸು ನಿಂತಿತು.
ಗಡಿಯಾರ ನೋಡಿ ಅವಳೂ ನಿಂತಳು,
ಬರೆದು ಮುಗಿಸುವವರೆಗೆ.

ಕಿಟಕಿಯಾಚೆ ಬಸ್ಸು
ನಾಲ್ಕು ನಿಮಿಷ ತಡವಾಗಿ ಹೊರಟಿತು.