ಕುಣಿ

ನೆಲದಾಗ ಮೊಣಕಾಲಮಟ ಕುಣಿ.
ಅದರಾಗ ಕಾಲಿಳಿಬಿಟ್ಟು ಕುಂತು ಖಣ ನೇಯ್ತಾರ ನಮ್ಮನಿಯವರು.
ಕುಣಿ ಅಂದ್ರ ತಗ್ಗು. ಕುಣಿ ಅಂದ್ರ ಕುಣಿಯೋದೂ ಹೌದು.
ಗುಳೇದಗುಡ್ಡದ ನಮ್ಮ ಓಣ್ಯಾಗ
ಎರಡನೇದು ಇಪ್ಪತ್ತೆರಡು ವರ್ಷ ಯಾರಿಗೂ ಹೊಳದಿರಲಿಲ್ಲ.

ಮೈಕ್‌ಸೆಟ್ ದಸ್ತಗೀರನ ಮಗಳು ತಸ್ಲೀಮಾ
ಒಂದಿನ ಬಂದು ಕೇಳಿದಳು: ಕಾಕಾ,
ನಿಮ್ಮ ಕಾಲಬುಡಕ ಒಂದು ಮೈಕು ಇಳಸ್ಲೇನ್ರಿ?
ಇವರು ನಕ್ಕರು. ಅಲ್ಲಿ ಇಲಿ ಬಿಟ್ರ ಯಾರೂ ಹಾಡಾಂಗಿಲ್ಲವಾ, ಅಂದರು.
ಆಕಿ ಇಳಿಸಿದಳು, ಹಳೇ ದುಪಟ್ಟಾ ಸುತ್ತಿ,
ಕೂಸಿಗೆ ಹೊಚ್ಚಿದಂಗ.

ಮೂರು ಮಧ್ಯಾಹ್ನ.
ಹಲಿಗಿ ಬಡೀತು, ಲಾಳಿ ಓಡಿತು,
ಹಾವಿಗಿ ಕೆಳಗ, ಹಾವಿಗಿ ಮ್ಯಾಲ.
ಗ್ವಾಡಿಗೆ ಬೆನ್ನು ಕೊಟ್ಟು ನಾನು ಕಂಡಿಕಿ ಸುತ್ತಾಕತ್ತಿದ್ದೆ,
ಎಣ್ಣಿ ಕಾಣದ ರಾಟಿ ಚಿಂವ್ ಚಿಂವ್ ಅಂತಿತ್ತು.
ಎಣ್ಣಿ ಹಾಕಬ್ಯಾಡ್ರಿ ಕಾಕಿ, ಅಂದಳು ಆಕಿ.

ಹೌಸ್ ಅಂತಾರಂತ ಆ ನಮೂನಿ ಸಂಗೀತಕ್ಕ.
ಮನಿ. ಮನ್ಯಾಗಿನ ಸದ್ದಿಗೆ ಮನಿ ಅನ್ನದ ಮತ್ತೇನಂತಾರ?
ನಾಕು ಹೆಜ್ಜಿ, ಮತ್ತ ನಾಕು, ಮತ್ತ ನಾಕು,
ಬಿಡುವಿಲ್ಲ, ಅವಸರಾನೂ ಇಲ್ಲ.
ದೊಡ್ಡ ಊರಾಗ ಅದನ್ನ ನೆಲಮಾಳಿಗ್ಯಾಗ ಹಚ್ಚತಾರಂತ,
ಬಾಗಲಿಗೆ ಬೋರ್ಡಿಲ್ಲ, ಗೊತ್ತಿದ್ದವರಷ್ಟ ಬರ್ತಾರಂತ.
ನಮ್ಮತ್ತಿ ಕೇಳಿ, ಹಗೇವು ಅನ್ನು ಹಂಗಾರ, ಅಂದಳು.
ಇಳಿಯೂ ಮುಂದ ದೀಪ ಇಳಿಸಿ ನೋಡ್ರಿ ಮತ್ತ,
ಒಳಗ ಉಸರು ಐತೋ ಇಲ್ಲೋ.

ಆರು ತಿಂಗಳಿಗೆ ಲಾರಿ ಪಾರ್ಸಲ್‌ನ್ಯಾಗ ಡಬ್ಬಿ ಬಂತು.
ಕರೇ ರೆಕಾರ್ಡು, ಮುನ್ನೂರು.
ನಡುವಿನ ಹಾಳಿ ಮ್ಯಾಲ ಹೆಸರಿಲ್ಲ, ಊರಿಲ್ಲ,
ಖಣದ ಬುಟ್ಟಾದ ಚಿತ್ರ ಎರಡು:
ಈ ಮಗ್ಗಲ ಆನಿಹೆಜ್ಜಿ, ಆ ಮಗ್ಗಲ ಸೂಜಿಮಲ್ಲಿಗಿ.

ದಸ್ತಗೀರನ ಗೋದಾಮಿನ್ಯಾಗ ಶಾಮಿಯಾನದ ಗಳ ಸರಿಸಿ,
ಮದಿವಿ ಮದಿವಿ ತಿರುಗಿ ದನಿ ಬಿದ್ದ ನಾಕು ಪೆಟಗಿ ಇಟ್ಟು,
ರಾತ್ರಿ ಹನ್ನೊಂದಕ್ಕ ಆಕಿ ಸೂಜಿ ಇಳಿಸಿದಳು.
ಮೊದಲ ಏನೂ ಇಲ್ಲ. ಆಮ್ಯಾಲ ನೆಲದಿಂದ ಬಂತು,
ಕಿವಿಗಲ್ಲ, ಹಿಮ್ಮಡಕ್ಕ.
ಬಣ್ಣದಂಗಡಿ ಹುಡುಗರು ಕುಣದರು,
ಡ್ಯೂಟಿ ಮುಗಿಸಿ ಬಂದ ನರ್ಸ್ ದ್ರಾಕ್ಷಾಯಣಿ ಚಪ್ಪಲಿ ಬಿಟ್ಟು ಕುಣದಳು.
ಇವರು ಮಾತ್ರ ಮೂಲ್ಯಾಗ ಕುಂತು,
ಅರಿವಿ ಬೆಳಕಿಗೆ ಹಿಡದು ನೋಡೂ ಸಾವುಕಾರನಂಗ ಹುಬ್ಬು ಗಂಟು ಹಾಕಿದ್ದರು.

ನಾಕನೇ ನಿಮಿಷಕ್ಕ ಟಕ್ಕಂತ ನಿಂತಿತು.
ಒಂದು ಕೆಮ್ಮು. ತುಟ್ಯಾಗ ಎಳಿ ತೊಯಿಸಿದ ಸದ್ದು.
ಹನ್ನೊಂದು ಸೆಕೆಂಡು, ಊರ ಇಲ್ಲದಂಗ.
ಆಮ್ಯಾಲ ಒಂದ ಹಾವಿಗಿ.
ಆಮ್ಯಾಲ ಎಲ್ಲಾ ಒಮ್ಮಿಗೇ.
ಹುಡುಗರು ಹೋ ಅಂತ ಒದರಿದರು.

ಎಳಿ ಹರಿದಿತ್ತದು, ಅಂದರು ಇವರು, ಮಾರಿ ಸಣ್ಣ ಮಾಡಿ.
ಗಂಟು ಹಾಕಾಕ ನಿಂತಿದ್ದೆ. ತಗೀಬೇಕಿತ್ತು ತಂಗಿ.
ಸಾವುಕಾರ ಇದಕ್ಕ ಇಪ್ಪತ್ತು ರೂಪಾಯಿ ಮುರಕೋತಾನ.
ಕಾಕಾ, ಅಂದಳು ತಸ್ಲೀಮಾ,
ಮಂದಿ ರೆಕಾರ್ಡು ಕೊಂಡಿದ್ದ ಅದಕ್ಕ.
ಆ ರಾತ್ರಿ ಇವರು ಮಲಗಲಿಲ್ಲ.
ನಸುಕಿನ್ಯಾಗ ನನ್ನ ಎಬ್ಬಿಸಿ ಕೇಳಿದರು:
ಗಂಟು ನೆಟ್ಟಗ ಬಿದ್ದಿತ್ತೇನ?

ನಮ್ಮ ಪಾಲಿಗೊಂದು ಕೊಟ್ಟಾಳ. ಹಚ್ಚಾಕ ಯಂತ್ರಿಲ್ಲ.
ನಮ್ಮತ್ತಿ ಹಿಟ್ಟಿನ ಡಬ್ಬಿ ಮ್ಯಾಲ ಮುಚ್ಚಿ,
ನಡುವ ತೂತು ಯಾಕ ಹೊಡದಾರ ಭಾಡ್ಯಾರು, ಅಂತ ಬೈದಳು.

ನನಗ ಸೇರಿದ್ದು ಆ ಮಗ್ಗಲ.
ಹೊಡತ ಕಡಿಮಿ, ಮ್ಯಾಲ ಸಣ್ಣಗ ಚಿಂವ್ ಚಿಂವ್,
ಒಂದು ಬಡತಕ್ಕ ಎರಡು, ಒಮ್ಮೊಮ್ಮಿ ತಪ್ಪತೈತಿ.
ಅದ್ಯಾವ ವಾದ್ಯ ಅಂತ ಹೊರದೇಶದವರು ಬರದು ಕೇಳ್ಯಾರಂತ.
ತಸ್ಲೀಮಾ ಹೇಳಿಲ್ಲ. ನಾನೂ ಹೇಳಾಂಗಿಲ್ಲ.

ಮರುದಿನ ಎಣ್ಣಿ ಬಾಟ್ಲಿ ತಗೊಂಡು ರಾಟಿ ಮುಂದ ಕುಂತೆ,
ಒಂದು ಹನಿ ಬಿಟ್ಟೆ. ರಾಟಿ ಸುಮ್ಮನಾತು.
ಸ್ವಲ್ಪೊತ್ತು ಹಂಗ ಸುತ್ತಿದೆ.
ಆಮ್ಯಾಲ ಸೆರಗಿಲೆ ಒರಸಿದೆ.